ಎಫ್ 8 ಅಲ್ಲ, 9

ತಂತ್ರಾಂಶದ ಕೈಪಿಡಿಗಳಲ್ಲಿ ಸಿಗುವ ತಪ್ಪುಗಳು ಎರಡು ಜಾತಿಯವು. ಒಂದು, ಓದಿದವರನ್ನು ದಾರಿ ತಪ್ಪಿಸುವಂಥದ್ದು. ಇನ್ನೊಂದು, ಯಾರ ತಂಟೆಗೂ ಹೋಗದೆ ಪುಟದ ಮೂಲೆಯಲ್ಲಿ ಸುಮ್ಮನೆ ಕೂತಿರುವಂಥದ್ದು. ತಿದ್ದುವ ಚಟದವರ ನಿದ್ದೆಗೆಡಿಸುವುದು ಈ ಎರಡನೆಯದು.

ಮೊದಲನೆಯದಕ್ಕೆ ಬಳಸುವವರೇ ಮದ್ದು ಅರೆದುಕೊಳ್ಳುತ್ತಾರೆ. ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಬಿಲ್ಲು ಮಾಡುವ ಹುಡುಗ ಕೈಪಿಡಿ ಹೇಳಿದಂತೆ ಎಫ್ 8 ಒತ್ತಿದರೆ ಬಿಲ್ಲಿನ ಬದಲು ಹೋದ ವರ್ಷದ ಉದ್ರಿ ಪಟ್ಟಿ ಎದ್ದು ಬರುತ್ತದೆ, ಅದೂ ಉದ್ರಿಯ ಗಿರಾಕಿ ಎದುರಿಗೇ ಕೂತಿರುವಾಗ. ಹುಡುಗ ದರದ ಚೀಟಿಯೊಂದರ ಬೆನ್ನಿಗೆ ‘8 ಅಲ್ಲ, 9’ ಎಂದು ಬರೆದು ಪರದೆಯ ಅಂಚಿಗೆ ಅಂಟಿಸಿದ್ದಾನೆ. ‘ಕಂಪನಿಯವರಿಗೆ ಒಂದ್ ಮಾತ್ ತಿಳಸಬಾರದೇನಲೇ?’ ಎಂದು ಸಾವುಕಾರರು ಕೇಳಿದರೆ ಉತ್ತರ ಸಿದ್ಧವಿದೆ: ‘ತಿಳಿಸಿದ್ರ ಅವ್ರು ಪುಸ್ತಕ ಬಿಟ್ಟು ಬಟನ್ನ ಬದಲ ಮಾಡ್ತಾರ್ರೀ ಸಾವ್ಕಾರ್ರ. ಆಮ್ಯಾಲ ನನ್ನ ಚೀಟಿ ಸುಳ್ಳಾಗ್ತದ.’

ಎರಡನೆಯ ಜಾತಿಯ ತಪ್ಪಿಗೆ ಬೆಲೆ ಕಟ್ಟಿದವರು ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಅವರು ತಪ್ಪೊಂದಕ್ಕೆ 2.56 ಡಾಲರಿನ ಚೆಕ್ಕು ಬರೆಯುತ್ತಿದ್ದರು. 256 ಸೆಂಟೆಂದರೆ ಹದಿನಾರರ ಲೆಕ್ಕದಲ್ಲಿ ಒಂದು ಡಾಲರು. ಅಷ್ಟರಲ್ಲಿ ಬಾಗಲಕೋಟೆಯ ಖಾನಾವಳಿಯಲ್ಲಿ ಎಣ್ಣೆಗಾಯಿ ಸಮೇತ ರೊಟ್ಟಿ ಊಟವಾದೀತು. ಆದರೆ ಪಡೆದವರಲ್ಲಿ ಬಹಳ ಮಂದಿ ಚೆಕ್ಕನ್ನು ಬ್ಯಾಂಕಿಗೆ ಒಯ್ಯದೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡರು.

ಕನ್ನಡದ ಪಾಲಿಗೆ ಬಂದ ತಪ್ಪಿಗೆ ಚೆಕ್ಕೂ ಇಲ್ಲ, ತಿದ್ದುಪಡಿಯೂ ಇಲ್ಲ. ಊರ ಹೆಸರು ಇಳಕಲ್ಲೋ ಇಲಕಲ್ಲೋ ಎಂಬುದು ಅಲ್ಲಿನ ಬೋರ್ಡುಗಳಲ್ಲೇ ಇನ್ನೂ ಇತ್ಯರ್ಥವಾಗಿಲ್ಲ. ಲ, ಳ ಎರಡರದೇ ಇಷ್ಟು ರಗಳೆಯಾದರೆ, ಇವುಗಳ ಜೊತೆಗೆ ಹಳಗನ್ನಡದಲ್ಲಿ ಮೂರನೆಯದೊಂದಿತ್ತು: ೞ. ವ್ಯಾಕರಣದವರು ಇದನ್ನು ರಳ ಎಂದರು. 13ನೇ ಶತಮಾನದ ಹೊತ್ತಿಗೆ ಇದು ಬಾಯಿಂದ ಜಾರಿಹೋಗಿತ್ತು. ಯಾವ ಯಾವ ಪದದಲ್ಲಿ ಇದಿರಬೇಕೆಂದು ಕೇಶಿರಾಜ ಪಟ್ಟಿ ಮಾಡಿಕೊಡಬೇಕಾಯಿತು. ಮುಂದೆ ಲೋಕದ ಲಿಪಿಗಳಿಗೆಲ್ಲ ಅಂಕಿ, ಹೆಸರು ಕೊಡುವ ಯೂನಿಕೋಡ್ ಬಂತು. ಅದರಲ್ಲಿ ೞಕ್ಕೂ ಜಾಗ ಸಿಕ್ಕಿತು. ಹೆಸರು ಮಾತ್ರ ‘ಕನ್ನಡ ಲೆಟರ್ ಫಾ’ ಎಂದು ಬಿತ್ತು. ಪೞಗನ್ನಡದ ೞಕ್ಕೂ ಫಕ್ಕೂ ಯಾವ ಬೀಗತನವೂ ಇಲ್ಲ.

ತಪ್ಪು ಗೊತ್ತಾಯಿತು. ಆದರೆ 1996ರ ಎರಡನೇ ಆವೃತ್ತಿಯಿಂದ ಅಲ್ಲೊಂದು ಕಟ್ಟಳೆಯಿದೆ: ಇಟ್ಟ ಹೆಸರು ಬದಲಾಗಕೂಡದು. ಆ ಹೆಸರನ್ನೇ ನಂಬಿ ಕೂತ ಪ್ರೋಗ್ರಾಮುಗಳು ಕೆಟ್ಟಾವು ಎಂಬ ಭಯ. ಭಯ ಸುಳ್ಳೂ ಅಲ್ಲ. ಹೀಗಾಗಿ ಹೆಸರಿನ ಕೆಳಗೆ ಇದು ತಪ್ಪೆಂಬ ಟಿಪ್ಪಣಿ ಬಿತ್ತು, ಪಕ್ಕಕ್ಕೆ ‘ಎಲ್ಎಲ್ಎಲ್ಎ’ ಎಂಬ ಅಡ್ಡಹೆಸರು ಸೇರಿತು. ಹುನಗುಂದ ಕಡೆಯ ಹೊಲದ ಉತಾರದಲ್ಲಾದರೆ ಇದನ್ನು ಒಂದೇ ಶಬ್ದದಲ್ಲಿ ಮುಗಿಸುತ್ತಿದ್ದರು: ಫಾ ಉರ್ಫ್ ೞ.

ಈ ಪದ್ಧತಿ ಶಾಸನ ಓದುವವರಿಗೆ ಹೊಸದೇನಲ್ಲ. ಬಾದಾಮಿಯ ಬಂಡೆಯಲ್ಲಿ ಕಲ್ಲುಕುಟಿಗ ಒಂದಕ್ಷರ ಬಿಟ್ಟಿದ್ದರೆ ಅದನ್ನು ಉಳಿ ಹಿಡಿದು ತಿದ್ದಲು ಯಾರೂ ಹೋಗುವುದಿಲ್ಲ; ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕಿ, ‘ಹೀಗೆ ಓದಿಕೊಳ್ಳಿ’ ಎಂದು ಅಡಿಟಿಪ್ಪಣಿ ಕೊಡುತ್ತಾರೆ. ತಿದ್ದಿಸಿಕೊಳ್ಳುವುದು ಓದಿದವರ ಓದು ಮಾತ್ರ. ಐಹೊಳೆಯ ಶಾಸನವನ್ನು ಫ್ಲೀಟ್ 1876ರಲ್ಲಿ ಪ್ರಕಟಿಸಿ, ಮೂರೇ ವರ್ಷಕ್ಕೆ ಮತ್ತೆ ಪರಿಷ್ಕರಿಸಿದರು. ಆಮೇಲೆ ಕೀಲ್‌ಹಾರ್ನ್ ಇನ್ನೊಮ್ಮೆ ಸಂಪಾದಿಸಿದರು. ಅದನ್ನು ಕ್ರಿ.ಶ. 634ರಲ್ಲಿ ರಚಿಸಿದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡವನು. ಅಡಿಟಿಪ್ಪಣಿ ಅವನಿಗೆ ರುಚಿಸುತ್ತಿತ್ತೋ ಇಲ್ಲವೋ.

ಆ ಶಾಸನವಿರುವುದು ಗುಡ್ಡದ ಮೇಲಿನ ಜೈನ ಗುಡಿಯಲ್ಲಿ. ಮೇಲಿನ ಗುಡಿಯಾದ್ದರಿಂದ ಮೇಗುಡಿ. ಜನರ ಬಾಯಲ್ಲಿ ಅದು ಮೇಗುಟಿಯಾಯಿತು, ಪುಸ್ತಕಗಳಲ್ಲೂ ಹಾಗೇ ಕೂತಿತು. ಈಗ ಐಹೊಳೆಯಲ್ಲಿ ‘ಮೇಗುಡಿ ಎಲ್ಲೈತ್ರೀ?’ ಎಂದು ಶುದ್ಧವಾಗಿ ಕೇಳಿದವರಿಗೆ ಸಿಗುವ ಉತ್ತರ, ‘ಯಾವ ಗುಡಿರೀ?’