ಆಫೀಸಿನ ಉತ್ಸವಮೂರ್ತಿ

ದೇವಸ್ಥಾನದಲ್ಲಿ ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಮೆರವಣಿಗೆಗೆ ಹೊರಡುವುದು ಉತ್ಸವಮೂರ್ತಿ. ನಮ್ಮ ಆಫೀಸಿನದೂ ಇದೇ ಆಗಮ. ಮ್ಯಾನೇಜರರು ಏಸಿ ಕ್ಯಾಬಿನ್ನಿನಲ್ಲಿ ಅಚಲ. ವರ್ಷಕ್ಕೊಮ್ಮೆ ‘ಟೀಮ್ ಔಟಿಂಗ್’ ಎಂದು ನಮ್ಮನ್ನೆಲ್ಲ ಬಸ್ಸಿಗೆ ತುಂಬಿ, ಕೊರಳಿಗೆ ಸೀಟಿ ಹಾಕಿಕೊಂಡು ಹೊರಡುವವರು ಎಚ್‌ಆರ್ ವಿಭಾಗದ ಈ ಮಹನೀಯರು. ಹೆಸರು ಬೇಡ. ನಿಮ್ಮ ಆಫೀಸಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಹದಿನೈದು ದಿನ ಮೊದಲೇ ವಾಟ್ಸಾಪ್ ಗ್ರೂಪ್ ಶುರುವಾಗುತ್ತದೆ. ವೆಜ್ಜೋ ನಾನ್‌ವೆಜ್ಜೋ, ಟಿ-ಶರ್ಟು ಯಾವ ಸೈಜು ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡು, ಕೊನೆಗೆ ಎಲ್ಲರಿಗೂ ಎಕ್ಸ್‌ಎಲ್ ಹಂಚುತ್ತಾರೆ. ಬಿಡದಿಯ ತಟ್ಟೆ ಇಡ್ಲಿಗೆ ಇಪ್ಪತ್ತೇ ನಿಮಿಷ. ರಾಮನಗರದ ಬಂಡೆಗಳು ಕಂಡೊಡನೆ ಮೈಕು ಹಿಡಿದು, 1975ರ ‘ಶೋಲೆ’ಯ ಚಿತ್ರೀಕರಣ ನಡೆದದ್ದು ಇಲ್ಲೇ ಎಂದು ಅಂದೇ ಬೆಳಿಗ್ಗೆ ಗೊತ್ತಾದವರಂತೆ ಸಾರುತ್ತಾರೆ. ಆರು ವರ್ಷದಿಂದ ಕೇಳುತ್ತಿದ್ದೇನೆ. ಯಾರಾದರೂ ಕಣ್ಣು ಮುಚ್ಚಿದರೋ, “ಎನರ್ಜಿ ಎಲ್ಲಿ ಸರ್, ಎನರ್ಜಿ?”

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಆ ಹಗ್ಗ.

ರೆಸಾರ್ಟಿನವರ ಹಗ್ಗದ ಮೇಲೆ ಅವರಿಗೆ ನಂಬಿಕೆಯಿಲ್ಲ; ಸ್ವಂತದ್ದನ್ನೇ ತರುತ್ತಾರೆ. ಅಂಗೈ ಸುಲಿಯುವಂಥ ತೆಂಗಿನ ನಾರಿನದು. ಮಧ್ಯಾಹ್ನದ ಹೋಳಿಗೆ ಇನ್ನೂ ಎದೆಯಲ್ಲೇ ಇರುವಾಗ ಸೀಟಿ. ಆ ಕಡೆ ಹನ್ನೆರಡು ಜನ, ಈ ಕಡೆ ಹನ್ನೆರಡು.

ನನ್ನದು ಹಿಂದಿನಿಂದ ಎರಡನೇ ಜಾಗ. ಅನುಭವದಿಂದ ಆರಿಸಿಕೊಂಡದ್ದು. ಕಟ್ಟಕಡೆಯವರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳಬೇಕು, ಮುಂದಿನವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಎರಡನೆಯವನು ಹಲ್ಲು ಕಚ್ಚಿ ಮುಖ ಕೆಂಪಗೆ ಮಾಡಿಕೊಂಡರೆ ಸಾಕು, ಎಳೆಯಬೇಕಾಗಿಲ್ಲ. ಇದು ನನ್ನದೇ ಸಂಶೋಧನೆ ಎಂದುಕೊಂಡಿದ್ದೆ. ಮ್ಯಾಕ್ಸ್ ರಿಂಗೆಲ್ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ, ಅಳೆದು, 1913ರಲ್ಲೇ ಇದನ್ನು ಪ್ರಕಟಿಸಿಬಿಟ್ಟಿದ್ದಾನೆ. ಎಂಟು ಜನ ಸೇರಿ ಎಳೆದರೆ ಒಬ್ಬೊಬ್ಬನ ಪಾಲಿನ ಎಳೆತ, ಒಂಟಿಯಾಗಿ ಎಳೆದಾಗಿನ ಅರ್ಧಕ್ಕೆ ಇಳಿಯುತ್ತದಂತೆ. ಎಲ್ಲರೂ ಒಂದೇ ಗಳಿಗೆಗೆ ಎಳೆಯಲಾರರು ಎಂಬುದು ಒಂದು ಕಾರಣ. ‘ಉಳಿದವರು ಎಳೀತಾರೆ ಬಿಡು’ ಎಂಬುದು ಇನ್ನೊಂದು. ನಾನು ಎರಡನೆಯ ಪಂಗಡ.

ಹೋದ ವರ್ಷ ನನ್ನ ಹಿಂದೆ ಸೊಂಟಕ್ಕೆ ಹಗ್ಗ ಸುತ್ತಿ ನಿಂತವರು ಅಕೌಂಟ್ಸ್ ಮೇಡಂ. ನನ್ನ ಟಿಎ ಬಿಲ್ಲನ್ನು ಮೂರು ಸಲ ವಾಪಸು ಕಳಿಸಿದ್ದವರು. ಸೀಟಿ ಊದಿದ್ದೇ ತಡ, “ಏನ್ರೀ, ನೀವು ಎಳೀತಾನೇ ಇಲ್ಲ!” ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದರು. ನಾಚಿಕೆಗೆ ನಿಜವಾಗಿಯೇ ಎಳೆದೆ. ಅಭ್ಯಾಸವಿಲ್ಲದ ಕೆಲಸ; ಕಾಲು ಜಾರಿತು, ಸಾಲಿಗೆ ಸಾಲೇ ಉರುಳಿತು. ಗೆದ್ದೆವೋ ಸೋತೆವೋ ಇವತ್ತಿಗೂ ತೀರ್ಮಾನವಾಗಿಲ್ಲ.

ಮೇಡಂ ಬ್ಯಾಗಿನಿಂದ ಮುಲಾಮು ಹೊರಬಂತು. ಇಬ್ಬರೂ ಮರದಡಿ ಕೂತು, ಅಂಗೈಗೆ ಹಚ್ಚಿಕೊಳ್ಳುತ್ತ, ಒಂದು ಗಂಟೆ ಉತ್ಸವಮೂರ್ತಿಗಳಿಗೆ ಸಹಸ್ರನಾಮ ಮಾಡಿದೆವು. ನಡುನಡುವೆ ಅವರ ಮಗನ ಪಿಯುಸಿ, ನನ್ನ ಮಂಡಿನೋವು. ಸೋಮವಾರ ಅವರೇ ನನ್ನ ಟೇಬಲ್ಲಿಗೆ ಬಂದು ಯಾವ ರಸೀದಿ ಎಲ್ಲಿ ಅಂಟಿಸಬೇಕೆಂದು ತೋರಿಸಿಕೊಟ್ಟರು. ಆರು ವರ್ಷದ ಇಮೇಲ್ ಕಾಳಗ ಎರಡು ಗುಂಡುಸೂಜಿಯಲ್ಲಿ ಮುಗಿಯಿತು.

ಹಗ್ಗ ಎಳೆದ ಆ ದಿನವೇ ನಾಲ್ಕು ಗಂಟೆಗೆ ಕಾಫಿ ಹುಡುಕುತ್ತ ಊಟದ ಹಾಲಿಗೆ ಹೋದೆ. ಉತ್ಸವಮೂರ್ತಿಗಳು ಒಬ್ಬರೇ ಮೂಲೆಯಲ್ಲಿ ಕೂತು ತಣ್ಣಗಾದ ಅನ್ನಕ್ಕೆ ಸಾರು ಕಲಸುತ್ತಿದ್ದರು. ಹೋಳಿಗೆ ಮುಗಿದಿತ್ತು. ಎಲೆಯ ಪಕ್ಕದಲ್ಲಿ ಸೀಟಿ, ಬಸ್ಸಿನವರ ತಲೆ ಎಣಿಸುವ ಪಟ್ಟಿ. ನಮ್ಮನ್ನೆಲ್ಲ ಕೂರಿಸಿ ಬಡಿಸಿದವರನ್ನು ‘ಊಟ ಆಯ್ತಾ’ ಎಂದು ಇಪ್ಪತ್ನಾಲ್ಕು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ಇನ್ಯಾರಾದರೂ ಕೇಳಿರುತ್ತಾರೆ ಬಿಡು ಎಂದುಕೊಂಡಿದ್ದೆವೋ ಏನೋ. ನನ್ನನ್ನು ಕಂಡವರೇ ಕೈಯನ್ನು ಎಲೆಯಲ್ಲೇ ಇಟ್ಟು, “ಹೆಂಗಿತ್ತು ಸರ್? ಎನರ್ಜಿ ಬಂತಾ?” ಎಂದರು.

ಬಂತು ಎಂದೆ. ಮಜ್ಜಿಗೆ ಇದೆಯೇ ಎಂದು ನೋಡಿ ಒಂದು ಲೋಟ ತಂದುಕೊಟ್ಟೆ.

ಮುಂದಿನ ಶನಿವಾರ ಮತ್ತೆ ಹೊರಟಿದ್ದೇವೆ. ಬೆಳಿಗ್ಗೆ ಆರೂವರೆಗೆ ಬಸ್ಸು. ಹೊಸ ಹಗ್ಗ ಕೊಂಡಿದ್ದಾರಂತೆ. ಹಿಂದಿನಿಂದ ಎರಡನೇ ಜಾಗ ನನ್ನದು. ದಯವಿಟ್ಟು ಯಾರೂ ಹಿಡಿಯಬೇಡಿ.