ಹತ್ತುವುದಕ್ಕೆ ಟಿಕೆಟ್ಟು, ಇಳಿಯುವುದಕ್ಕೆ ದೇವರು

ಸ್ವಿಟ್ಜರ್ಲೆಂಡಿನ ಎಂಗಡೀನ್ ಕಣಿವೆಯಲ್ಲಿ ಬೇಸಿಗೆಯ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಹೋದರೆ ಪ್ಲಾಟ್‌ಫಾರ್ಮಿನ ತುಂಬ ಸೈಕಲ್ಲುಗಳೇ. ಪಕ್ಕದಲ್ಲಿ ಹೆಲ್ಮೆಟ್ ತೊಟ್ಟು, ಮೊಣಕಾಲಿಗೆ ಕವಚ ಕಟ್ಟಿ, ಬೆನ್ನಿಗೆ ನೀರಿನ ಚೀಲ ಏರಿಸಿ ಯುದ್ಧಕ್ಕೆ ಹೊರಟ ಭಂಗಿಯಲ್ಲಿ ನಿಂತ ಜನ. ಹೊರಟಿರುವುದು ಮಾತ್ರ ರೈಲಿನಲ್ಲಿ. ಬೆಟ್ಟದ ಸೈಕಲ್ ಸವಾರಿಯನ್ನು ಇಲ್ಲಿನವರು ಎರಡು ಪಾಲು ಮಾಡಿಟ್ಟಿದ್ದಾರೆ. ಹತ್ತುವ ಪಾಲು ರೈಲಿಗೆ, ಕೇಬಲ್ ಕಾರಿಗೆ, ಹಳದಿ ಅಂಚೆ ಬಸ್ಸಿಗೆ. ಇಳಿಯುವ ಪಾಲು ಮನುಷ್ಯನಿಗೆ. ಈ ಹಂಚಿಕೆ ನನಗೆ ಕೇಳಿದ ಕೂಡಲೇ ಹಿಡಿಸಿತು. ಬೆವರು ಸುರಿಸಿ ಬೆಟ್ಟ ಹತ್ತಿ ಪುಣ್ಯ ಸಂಪಾದಿಸುವುದಕ್ಕೆ ನಮ್ಮಲ್ಲೇ ಸಾಕಷ್ಟು ಬೆಟ್ಟಗಳಿವೆ, ಅವುಗಳಿಗೆ ಮೆಟ್ಟಿಲೂ ಇದೆ.

ತುಳಿದೇ ಹತ್ತುತ್ತೇವೆನ್ನುವ ಹಟಮಾರಿಗಳು ಇಲ್ಲವೆಂದಲ್ಲ. ಈ ಕಣಿವೆಯ ಕೆಳತುದಿಯ ಸ್ಕೂಲ್ ಎಂಬ ಊರಿನಿಂದ ಹೊರಟು ಕಣಿವೆ ಮೇಲೆ ಕಣಿವೆ ದಾಟಿ ದೇಶದ ಇನ್ನೊಂದು ಕಡೆಯ ಏಗ್ಲ್ ತನಕ 600 ಕಿ.ಮೀ.ಗೂ ಹೆಚ್ಚು ಉದ್ದದ ಬೆಟ್ಟದ ಸೈಕಲ್ ಮಾರ್ಗವೊಂದಿದೆ. ರಾಷ್ಟ್ರೀಯ ಮಾರ್ಗ ನಂಬರ್ 1. ಅದಕ್ಕೆ ಹೊರಟವರೆಂದರೆ ಮೈಯಲ್ಲಿ ಒಂದು ಗುಂಜಿ ಕೊಬ್ಬಿಲ್ಲದ, ನಗುವುದಕ್ಕೂ ಶಕ್ತಿ ಲೆಕ್ಕ ಹಾಕುವ ಪೈಕಿ. ಅವರಿಗೆ ದೂರದಿಂದಲೇ ಕೈ ಮುಗಿದು ನಾನು ಬಾಡಿಗೆ ಸೈಕಲ್ಲಿನ ಅಂಗಡಿ ಹೊಕ್ಕೆ.

ಜೊತೆಗಿದ್ದವನು ನನ್ನ ಅಕ್ಕನ ಮಗ. ಜ್ಯೂರಿಕ್‌ನಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ಭಾನುವಾರ ಬೆಟ್ಟಗಳಿಂದ ಉರುಳುವ ಕೆಲಸ. ಅಂಗಡಿಯವನು ಸೈಕಲ್ಲಿನ ಒಂದೊಂದು ಅಂಗವನ್ನೂ ಮುಟ್ಟಿ ಮುಟ್ಟಿ ವಿವರಿಸಿದ. ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್. ಹ್ಯಾಂಡಲ್ಲಿನ ಗುಂಡಿ ಒತ್ತಿ ಮೈಭಾರ ಬಿಟ್ಟರೆ ಕೆಳಗಿಳಿಯುವ ಸೀಟು. ಒಂದೇ ಬೆರಳಿಗೆ ಹಿಡಿಯುವ ಡಿಸ್ಕ್ ಬ್ರೇಕು. ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಗೆ ಅವನು ಹೇಳಿದ ಒಂದು ಮಾತಿಗೆ ಮಾತ್ರ ತಲೆ ಆಡದೆ ನಿಂತಿತು. ನಮ್ಮ ಊರಿನ ಸೈಕಲ್ಲುಗಳಲ್ಲಿ ಬಲಗೈ ಬ್ರೇಕು ಮುಂದಿನ ಗಾಲಿಗೆ, ಎಡಗೈಯದು ಹಿಂದಿನದಕ್ಕೆ. ಇಲ್ಲಿ ಅದು ತಿರುಗುಮುರುಗು. ಗಾಬರಿಯಾದಾಗ ಎಡಗೈ ಬಿಗಿ ಎನ್ನುವುದು ಹುಡುಗಾಟದ ವಯಸ್ಸಿನಿಂದ ನನ್ನ ನರಗಳಲ್ಲಿ ಕೂತ ಪಾಠ. ಕಡಿದಾದ ಇಳಿಜಾರಿನಲ್ಲಿ ಆ ಪಾಠ ಒಪ್ಪಿಸಿದರೆ ಮುಂದಿನ ಗಾಲಿ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಶುಭಕಾರ್ಯಕ್ಕೆ ಎಡಗೈ ಬೇಡ ಎನ್ನುತ್ತಿದ್ದ ನಮ್ಮ ಅಜ್ಜಿಯ ಮಾತಿಗೆ ಆಲ್ಪ್ಸ್ ಪರ್ವತದಲ್ಲಿ ಆಧಾರ ಸಿಕ್ಕಿತು.

"ಮಾಮ, ಎಡಗೈ ಇದೆ ಅನ್ನೋದನ್ನೇ ಮರ್ತುಬಿಡಿ" ಎಂದ ಸೋದರಳಿಯ.

ಬೆರ್ನಿನಾ ರೈಲು ಕೆಂಪಗೆ, ಪುಟ್ಟದಾಗಿ, ಆಟದ ಸಾಮಾನಿನ ಗತ್ತಿನಲ್ಲಿ ಬಂದು ನಿಂತಿತು. 1910ರಿಂದ ಸೇಂಟ್ ಮಾರಿಟ್ಜ್‌ನಿಂದ ಇಟಲಿಯ ತಿರಾನೊ ತನಕ ಓಡುತ್ತಿರುವ ಈ ರೈಲು ಹಲ್ಲುಗಾಲಿಯ ಹಂಗಿಲ್ಲದೆ ನೂರಕ್ಕೆ ಏಳರಷ್ಟು ಏರನ್ನು ಬರಿಯ ಗಾಲಿಯ ಹಿಡಿತದಿಂದಲೇ ಹತ್ತುತ್ತದೆ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೈಕಲ್ಲಿಗೂ ಬೇರೆ ಟಿಕೆಟ್ಟು. ನನ್ನ ಸೈಕಲ್ ಕಿಟಕಿಯ ಪಕ್ಕ ನಿಂತು, ನಾನು ಅದರ ಹಿಂದೆ ನಿಂತು, ಅದಕ್ಕೆ ಕಂಡು ಉಳಿದ ಪ್ರಕೃತಿ ಸೌಂದರ್ಯವನ್ನು ನಾನು ಸವಿಯುತ್ತ 2,253 ಮೀಟರ್ ಎತ್ತರದ ಓಸ್ಪಿತ್ಸಿಯೊ ಬೆರ್ನಿನಾ ನಿಲ್ದಾಣದಲ್ಲಿ ಇಬ್ಬರೂ ಇಳಿದೆವು. ಉಸಿರು ಕಟ್ಟಿತು. ಅದು ಎತ್ತರಕ್ಕೆ, ಶ್ರಮಕ್ಕಲ್ಲ.

ನಿಲ್ದಾಣದ ಮುಂದೆಯೇ ಎರಡು ಕೆರೆಗಳು. ಹಿಮನದಿಯ ಹಿಟ್ಟು ಕದಡಿ ಹಾಲಿನ ಬಣ್ಣ ತಳೆದ ಲಾಗೊ ಬಿಯಾಂಕೊ ದೊಡ್ಡದು. ಪಕ್ಕದಲ್ಲೇ ಕಪ್ಪಗೆ ಕೂತ ಲೇಯ್ ನಾಯ್ರ್ ಚಿಕ್ಕದು. ಮೊದಲನೆಯದರ ನೀರು ಪೊ ನದಿ ಸೇರಿ ಏಡ್ರಿಯಾಟಿಕ್ ಸಮುದ್ರಕ್ಕೆ. ಎರಡನೆಯದರ ನೀರು ಇನ್ ನದಿ ಹಿಡಿದು, ಡ್ಯಾನ್ಯೂಬ್ ಸೇರಿ, ದೇಶ ದೇಶ ಸುತ್ತಿ ಕಪ್ಪು ಸಮುದ್ರಕ್ಕೆ. ನೆರೆಮನೆಯವರ ಹಾಗಿದ್ದೂ ಒಬ್ಬರ ದಿಕ್ಕಿಗೆ ಇನ್ನೊಬ್ಬರು ತಿರುಗಿ ನೋಡುವುದಿಲ್ಲ. ನಮ್ಮ ದಾರಿ ಕಪ್ಪು ಸಮುದ್ರದ ಕಡೆಯದು. ನಾವು ಇಳಿದು ಮುಟ್ಟಬೇಕಾದ ಪೊಂತ್ರೆಸೀನಾ ಊರಿನಲ್ಲಿ ನಿಲ್ಲಲಾಗದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತೇನೆಂದು ತಿಳಿದದ್ದು ಒಂದು ಸಮಾಧಾನ.

ಇಲ್ಲಿನ ಫಲಕಗಳ ಶಿಸ್ತೇ ಶಿಸ್ತು. ನಡೆಯುವವರಿಗೆ ಹಳದಿ, ಸೈಕಲ್ಲಿನವರಿಗೆ ಕೆಂಪು, ಬೆಟ್ಟದ ಕಠಿಣ ಕಾಲುದಾರಿಗೆ ಬಿಳಿ-ಕೆಂಪು-ಬಿಳಿ ಪಟ್ಟಿ. ದಾರಿ ಎಷ್ಟು ಕಷ್ಟ ಎನ್ನುವುದಕ್ಕೆ ಎಸ್ 0ಯಿಂದ ಎಸ್ 5ರ ತನಕ ಒಂದು ಅಳತೆಗೋಲು. ಸೊನ್ನೆಯೆಂದರೆ ವಿಶೇಷ ತೊಂದರೆಯಿಲ್ಲ. ಒಂದೆಂದರೆ ಬೇರು, ಸಣ್ಣ ಕಲ್ಲು. ಎರಡೆಂದರೆ ದೊಡ್ಡ ಕಲ್ಲು, ಮೆಟ್ಟಿಲು. ಮೂರೆಂದರೆ ಬಂಡೆಗಳ ನಡುವೆ ಹೇರ್‌ಪಿನ್ ತಿರುವು. ಮುಂದಿನದನ್ನು ಓದುವ ಅಗತ್ಯ ನನಗೆ ಕಾಣಲಿಲ್ಲ. ಸೊನ್ನೆ ಬರಬೇಕೆಂದು ನಾನು ಆಸೆಪಟ್ಟ ಪರೀಕ್ಷೆ ಇದೊಂದೇ.

"ಪೆಡಲ್ ಮೇಲೆ ನಿಂತ್ಕೊಳ್ಳಿ. ಸೊಂಟ ಹಿಂದೆ. ತಿರುವಿಗೆ ಮುಂಚೆ ಬ್ರೇಕು, ತಿರುವಿನಲ್ಲಲ್ಲ. ಮುಖ್ಯ ಅಂದ್ರೆ ಕಲ್ಲು ನೋಡ್ಬೇಡಿ ಮಾಮ, ದಾರಿ ನೋಡಿ. ಕಣ್ಣು ಹೋದ ಕಡೆಗೇ ಸೈಕಲ್ ಹೋಗತ್ತೆ."

ದಾರಿಯ ತುಂಬ ಕಲ್ಲೇ ಇತ್ತು. ಆದರೂ ಅವನ ಮಾತು ಸುಳ್ಳಲ್ಲ. ನಾನು ನೋಡಿದ ಒಂದೊಂದು ಕಲ್ಲಿಗೂ ಸೈಕಲ್ ತಪ್ಪದೆ ಹೋಗಿ ಹಾಜರಿ ಹಾಕಿತು.

ಇದರ ನಡುವೆ ನಮಸ್ಕಾರಗಳ ಕಾಟ. ಇಲ್ಲಿ ಕಾಲ್ನಡಿಗೆಯವರಿಗೆ ಮೊದಲ ಹಕ್ಕು. ಸೈಕಲ್ಲಿನವರು ನಿಧಾನಿಸಿ, ದಾರಿ ಬಿಟ್ಟು, ಮೇಲಿಂದ ಮುಗುಳ್ನಕ್ಕು ಮಾತಾಡಿಸಲೇಬೇಕು. ಅದೂ ಯಾವ ಭಾಷೆಯಲ್ಲಿ? ರೊಮಾನ್ಶ್ ಆದರೆ "ಅಲ್ಲೆಗ್ರಾ", ಜರ್ಮನ್ ಆದರೆ "ಗ್ರ್ಯೂಯೆತ್ಸಿ", ಇಟಾಲಿಯನ್ ಆದರೆ "ಬೊನ್ ಜೋರ್ನೊ". ಎದುರಿನವರ ಟೋಪಿ ನೋಡಿ ಭಾಷೆ ನಿರ್ಧರಿಸುವಷ್ಟರಲ್ಲಿ ಅವರು ಹಿಂದಾಗಿರುತ್ತಾರೆ. ಒಂದು ಇಳಿಜಾರಿನಲ್ಲಿ ನನ್ನ ಬಾಯಿಂದ ಬಂದದ್ದು "ಅಯ್ಯಯ್ಯೋ". ಎದುರಿನ ಅಜ್ಜಿ ಅದನ್ನೂ ಯಾವುದೋ ಕಣಿವೆಯ ನಮಸ್ಕಾರವೆಂದೇ ಭಾವಿಸಿ ನಗುತ್ತ ತಲೆಬಾಗಿದರು.

ಕಾಲ್ನಡಿಗೆಯವರಿಗಿಂತ ಮೇಲಿನ ಹಕ್ಕು ಹಸುಗಳದು. ಕರು ಜೊತೆಗಿರುವ ಹಸುವಿನಿಂದ ದೂರವಿರಿ, ಕರುವನ್ನು ಮುಟ್ಟಬೇಡಿ ಎಂದು ಹುಲ್ಲುಗಾವಲಿನ ಬಾಗಿಲಲ್ಲೇ ಫಲಕ. ಬಾಗಿಲು ತೆಗೆದವರು ಮುಚ್ಚಿ ಹೋಗಬೇಕು. ಒಂದು ಹಸು ನಮ್ಮ ದಾರಿಗೆ ಅಡ್ಡಲಾಗಿ ನಿಂತು ಮೆಲುಕು ಹಾಕುತ್ತಿತ್ತು. ಅದರ ಕೊರಳಲ್ಲೂ ಗಂಟೆ, ನನ್ನ ಹ್ಯಾಂಡಲ್ಲಿನಲ್ಲೂ ಗಂಟೆ. ಅದರದು ದೊಡ್ಡದು. ನಾನೇ ಸರಿದು ಹೋದೆ.

ಕಣಿವೆಯ ಕೆಳಗೆ ಜೆರ್ನೆಟ್ಸ್ ಕಡೆಗೆ ಹೋದರೆ ಈ ರಾಜಿಪಂಚಾಯಿತಿಯೂ ಇಲ್ಲ. ಅಲ್ಲಿ 1914ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉದ್ಯಾನ. ಸೈಕಲ್ ಬಿಡುವುದಿಲ್ಲ, ಹಗ್ಗ ಕಟ್ಟಿ ಹಿಡಿದುಕೊಂಡಿದ್ದರೂ ನಾಯಿಯನ್ನು ಬಿಡುವುದಿಲ್ಲ, ಗುರುತಿಸಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಇಡುವುದಕ್ಕೂ ಬಿಡುವುದಿಲ್ಲ. ಆ ಉದ್ಯಾನದ ಮೇಲೆ ನನಗೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿತು.

ಮಾರ್ತೆರಾಚ್ ನಿಲ್ದಾಣ ಹತ್ತಿರವಾದಂತೆ ದಾರಿ ಜಲಪಾತದ ಪಕ್ಕದಲ್ಲಿ ಕಲ್ಲುಕಲ್ಲಾಗಿ ಧುಮುಕುತ್ತದೆ. ಹತ್ತುವುದನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಬಹುದು. ಇಳಿಯುವುದನ್ನು ಯಾವ ಕೌಂಟರಿನಲ್ಲೂ ಮಾರುವುದಿಲ್ಲ ಎಂದು ಖಾತ್ರಿಯಾದದ್ದು ಅಲ್ಲಿ. ಸೈಕಲ್ಲಿನಿಂದ ಇಳಿದೆ. ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕು, ಇಳಿಯುವ ಸೀಟು, ಅಷ್ಟೂ ವೈಭವವನ್ನು ಎರಡು ಕೈಯಲ್ಲಿ ಹಿಡಿದು, ಹಿಂಜರಿಯುವ ಹೋತವನ್ನು ಸಂತೆಗೆ ಒಯ್ಯುವ ಗಾಂಭೀರ್ಯದಿಂದ ನಡೆಸಿಕೊಂಡು ಹೋದೆ. ಹಿಂದೆ ಎಲ್ಲೋ ಮೊಬೈಲ್ ಕ್ಯಾಮೆರಾದ ಕ್ಲಿಕ್ ಸದ್ದು ಕೇಳಿಸಿತು.

ಎದುರಿಗೆ ಹಿಮನದಿ. ಅದೆಷ್ಟು ಹಿಂದೆ ಸರಿದಿದೆ ಎಂದು ಹತ್ತೊಂಬತ್ತನೆಯ ಶತಮಾನದಿಂದಲೂ ಅಳೆಯುತ್ತ ಬಂದಿದ್ದಾರೆ. ಕೆಳಗೆ ನಿಲ್ದಾಣದಿಂದ ಹೊರಡುವ ಕಾಲುದಾರಿಯಲ್ಲಿ ಇಸವಿ ಬರೆದ ಫಲಕಗಳಿವೆ. ಯಾವ ವರ್ಷ ಹಿಮದ ಮೂತಿ ಎಲ್ಲಿತ್ತೆಂಬ ಲೆಕ್ಕ. ರೈಲು ಬಂದ ಕಾಲಕ್ಕೆ ಅದು ನಿಲ್ದಾಣಕ್ಕೆ ಹತ್ತಿರದಲ್ಲೇ ಇತ್ತು. ಈಗ ಮುಕ್ಕಾಲು ಗಂಟೆಗೂ ಮೇಲೆ ನಡೆಯಬೇಕು. ಇಡೀ ಕಣಿವೆಯಲ್ಲಿ ಟಿಕೆಟ್ಟಿಲ್ಲದೆ, ಎಲ್ಲೂ ನಿಲ್ಲದೆ ಮೇಲೆ ಹತ್ತುತ್ತಿರುವುದು ಅದೊಂದೇ. ತಮಾಷೆ ಮಾಡುವ ಸಂಗತಿಯಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಮಾಡಲೂ ಇಲ್ಲ.

ಪೊಂತ್ರೆಸೀನಾ ಮುಟ್ಟಿದ ಮೇಲೆ ಅಳಿಯ ರೊಸೆಗ್ ಕಣಿವೆ ತೋರಿಸಿದ. ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ಕುದುರೆಗಾಡಿ, ಸೈಕಲ್ಲು, ಕಾಲು ಮಾತ್ರ. ಏಳು ಕಿಲೋಮೀಟರ್ ನಯವಾದ ಜಲ್ಲಿದಾರಿ, ತುದಿಯಲ್ಲಿ ಸಿಹಿತಿಂಡಿಗೆ ಹೆಸರಾದ ಹೋಟೆಲು. ಏರು ಇದ್ದದ್ದು ಕಾಲಿಗೆ ತಿಳಿಯಿತು, ನಾಲಿಗೆ ಅದನ್ನು ಒಪ್ಪಲಿಲ್ಲ. ಈ ಸೀಮೆಯಿಂದ ಮಿಠಾಯಿಗಾರರು ಹಿಂದೆ ವೆನಿಸ್ಸಿಗೆ ಹೋಗಿ ಅಂಗಡಿ ಹಾಕಿ ಎಷ್ಟು ಬೆಳೆದರೆಂದರೆ 1766ರಲ್ಲಿ ವೆನಿಸ್ ಅವರನ್ನು ಹೊರಗೆ ಹಾಕಿತು. ಆಮೇಲೆ ಅವರು ಯುರೋಪೆಲ್ಲ ಹರಡಿದರು. ಇಲ್ಲಿನ ಹೆಸರಾಂತ ತಿಂಡಿ ಅಕ್ರೋಟಿನ ಕಡುಬು: ಗರಿಗರಿ ಹಿಟ್ಟಿನ ಎರಡು ಪದರದ ನಡುವೆ ಸಕ್ಕರೆ ಪಾಕದಲ್ಲಿ ಮುಳುಗಿದ ಅಕ್ರೋಟು. ಅಕ್ರೋಟಿನ ಮರ ಮಾತ್ರ ಇಷ್ಟು ಎತ್ತರದಲ್ಲಿ ಬೆಳೆಯುವುದಿಲ್ಲ. ಅದೂ ಕೆಳಗಿನಿಂದ ಹತ್ತಿ ಬರಬೇಕು.

ಎರಡನೆಯ ತುಂಡಿಗೆ ಕೈ ಹಾಕಿದೆ.

"ಮಾಮ, ಶುಗರ್ರು! ಅಮ್ಮಂಗೆ ಹೇಳ್ತೀನಿ."

"ಹೇಳಪ್ಪ, ಧಾರಾಳವಾಗಿ ಹೇಳು. ಆ ಜಲಪಾತದ ಹತ್ರ ತೆಗೆದ್ಯಲ್ಲ, ಆ ಫೋಟೋ ಒಂದು ಕಳಿಸ್ಬೇಡ."

"ಅದು ಆಗ್ಲೇ ಹೋಯ್ತು. ಫ್ಯಾಮಿಲಿ ಗ್ರೂಪಿಗೆ."