ಬಳ್ಳಾಪುರದಿಂದ ಬಳ್ಳಾಪುರಕ್ಕೆ

ಕಾದಂಬರಿ ಮುಗಿಯುವ ಮೊದಲೇ ಅರ್ಪಣೆಯ ಪುಟ ಬರೆದಿಟ್ಟುಕೊಂಡವನು ನಾನೊಬ್ಬನೇ ಅಲ್ಲ ಎಂದು ನಂಬಿದ್ದೇನೆ. ನಿಮ್ಮ ಡ್ರಾಯರಿನಲ್ಲೂ ಅಂಥದ್ದೊಂದು ಹಾಳೆ ಇದ್ದರೆ ನಾಚಿಕೊಳ್ಳಬೇಡಿ, ನನ್ನ ಪಾಡು ಕೇಳಿ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದನ್ನು ಓದಿದಂದಿನಿಂದ ನನಗೊಂದು ಕೊರಗು. ನನ್ನ ಬಳಿ ಮಹಾಕಾವ್ಯವೂ ಇರಲಿಲ್ಲ, ಗುರುವೂ ಇರಲಿಲ್ಲ. ಮಹಾಕಾವ್ಯದ ಬದಲಿಗೆ 412 ಪುಟದ ಕಾದಂಬರಿ ಗೀಚಿದೆ. ಗುರುವಿಗಾಗಿ ಮೈಸೂರಿನ ಹಿರಿಯ ಸಾಹಿತಿಯೊಬ್ಬರ ಬಾಗಿಲು ತಟ್ಟಿದೆ. ಊರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತದೆ. ನಾನೂ ಹಾಗೇ ಅನ್ನುತ್ತೇನೆ.

ಹಸ್ತಪ್ರತಿಯನ್ನು ಅಕ್ಕಿ ಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ಮೇಷ್ಟ್ರ ಮನೆಯಾಕೆ ಬಾಗಿಲು ತೆರೆದವರೇ, “ಸೋನಾ ಮಸೂರಿ ನಾವು ಹೇಳಿರಲಿಲ್ವಲ್ಲಪ್ಪ” ಅಂದರು. ಒಳಗೆ ಕೂತಾಗ ನನ್ನ ತಲೆಯಲ್ಲಿ ಓಡುತ್ತಿದ್ದುದು 1924ರ ದೃಶ್ಯ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದ್ದು, ಅವರು ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಹೇಳಿದ್ದು, ಕನ್ನಡದ ದೆಸೆಯೇ ತಿರುಗಿದ್ದು. ಅಂಥದ್ದೊಂದು ಮಾತು ನನಗೂ ಬೀಳಲಿ ಎಂದು ಕಾದೆ. ಮೇಷ್ಟ್ರು ಮೂರು ಪುಟ ಓದಿ ಕನ್ನಡಕ ತೆಗೆದರು.

“ನಿನ್ನ ಮಾತೃಭಾಷೆ ಯಾವುದಪ್ಪ?”

“ಕನ್ನಡ, ಸಾರ್.”

“ಹಾಗಿದ್ರೆ ಕನ್ನಡದಲ್ಲೇ ಬರೀಬಹುದಿತ್ತಲ್ಲ.”

ಇತಿಹಾಸ ಮರುಕಳಿಸಿತು ಎಂದು ಸಂಭ್ರಮದಿಂದ ಮನೆಗೆ ಬಂದೆ. ಕಾದಂಬರಿ ಇದ್ದದ್ದು ಕನ್ನಡದಲ್ಲೇ ಎಂಬುದು ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ.

ನನ್ನ ಅಕ್ಷರ ಓದಲಾಗದೆ ಮೇಷ್ಟ್ರು, ಟೈಪ್ ಮಾಡಿ ಮೇಲ್‌ನಲ್ಲಿ ಕಳಿಸು, ದೊಡ್ಡದು ಮಾಡಿಕೊಂಡು ಓದುತ್ತೇನೆ ಅಂದರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದೆ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮುಂದೇನಾಯಿತೆಂದು ಈ ಕಷ್ಟ ಉಂಡವರಿಗೆ ಹೇಳಬೇಕಾಗಿಲ್ಲ: ಪುಟದ ತುಂಬ ತಲೆಗೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಚಿಹ್ನೆ. ಸಂಜೆ ಫೋನ್ ಬಂತು. “ಏನಯ್ಯಾ, ಇಷ್ಟೊಂದು ಪೌಂಡ್ ಲೆಕ್ಕ ಕಳಿಸಿದ್ದೀಯ? ಓದೋದಕ್ಕೆ ಸಂಭಾವನೆ ಕೊಡ್ತಿದ್ದೀಯೋ, ಕೇಳ್ತಿದ್ದೀಯೋ?” ಎರಡು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದೆ. ಇದರಿಂದ ಮೇಷ್ಟ್ರಿಗೆ ನನ್ನ ಮೇಲೆ ಒಂದು ತಪ್ಪು ಅಭಿಪ್ರಾಯ ಬಂತು, ಇವನಿಗೆ ಕಂಪ್ಯೂಟರ್ ಬರುತ್ತದೆ ಎಂದು. ಆ ಅಭಿಪ್ರಾಯದ ಬೆಲೆ ಆಮೇಲೆ ಹೇಳುತ್ತೇನೆ.

ಮೊದಲ ಕರಡನ್ನು ಅವರು ಪ್ರಿಂಟ್ ಹಾಕಿಸಿ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟರು. ಅರ್ಪಣೆಯ ಪುಟದಲ್ಲಿ ಒಂದೇ ಒಂದು ತಿದ್ದುಪಡಿ: ತಮ್ಮ ಹೆಸರನ್ನು ಹೊಡೆದು ಹಾಕಿದ್ದರು. ಉಳಿದ ಪುಟಗಳಂತೂ ಹೋಳಿ ಆಡಿದಂತಿದ್ದವು. ರಾತ್ರಿ ಎರಡು ಗಂಟೆಯವರೆಗೆ ಕೂತು ತಿದ್ದುಪಡಿಗಳನ್ನು ಟೈಪ್ ಮಾಡಿದೆ. ತೂಕಡಿಕೆಯಲ್ಲಿ ಅಂಚಿನ ಟಿಪ್ಪಣಿಗಳನ್ನೂ ಕಾದಂಬರಿಯ ಒಳಕ್ಕೇ ಟೈಪ್ ಮಾಡಿಬಿಟ್ಟೆ. 140ನೇ ಪುಟದಲ್ಲಿ, “ಅತ್ತೆ ಕಾಫಿ ತಂದಿಟ್ಟರು” ಎಂಬ ವಾಕ್ಯದ ಬೆನ್ನಿಗೇ, “ಈಕೆ 90ನೇ ಪುಟದಲ್ಲೇ ತೀರಿಕೊಂಡರಲ್ಲ, ಈಗ ಕಾಫಿ ಕೊಟ್ಟವರು ಯಾರು?” ಎಂದು ಬಂತು. ಮೇಷ್ಟ್ರು ಎರಡನೆಯ ಕರಡು ಓದಿ ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: “ಈ ಪುಟದಲ್ಲಿ ಇದೊಂದು ವಾಕ್ಯ ಚೆನ್ನಾಗಿದೆ. ಹೀಗೇ ಬರಿ.” ಅದು ನಿಮ್ಮದೇ ವಾಕ್ಯ ಸಾರ್ ಎಂದು ನಾನು ಹೇಳಲಿಲ್ಲ. ನೀವಾದರೂ ಹೇಳುತ್ತಿದ್ದಿರಾ?

ಹೊಗಳಿಕೆ ನೆತ್ತಿಗೇರಿತ್ತು. ಮುಂದಿನ ಪಾಠ ಬಂತು: “ವಿಶೇಷಣ ವಿಪರೀತ ಆಯ್ತಪ್ಪ. ದೊಡ್ಡ ಮನೆ, ಚಿಕ್ಕ ಕಿಟಕಿ, ಕೋಮಲ ಕೈ. ಎಲ್ಲಾ ಕಿತ್ತುಹಾಕು.” ಒಂದೊಂದನ್ನೇ ಓದಿ, ಯೋಚಿಸಿ ಕೀಳಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು. ನನಗೆ ಕಂಪ್ಯೂಟರ್ ಬರುತ್ತದಲ್ಲ! ಫೈಂಡ್ ಅಂಡ್ ರಿಪ್ಲೇಸ್ ತೆರೆದು ‘ದೊಡ್ಡ’ ಹಾಕಿದೆ, ಬದಲಿಗೆ ಏನೂ ಇಲ್ಲ, ಗುಂಡಿ ಒತ್ತಿದೆ. ‘ಚಿಕ್ಕ’ ಹಾಕಿದೆ, ಒತ್ತಿದೆ. ‘ಕೋಮಲ’ ಹಾಕಿದೆ, ಒತ್ತಿದೆ. ಮೂರು ನಿಮಿಷದ ಕೆಲಸ. ಓದಿ ನೋಡದೆ ಕಳಿಸಿದೆ.

ನನ್ನ ನಾಯಕಿಯ ಹೆಸರು ಕೋಮಲಾ.

ಆ ಪಾಪದ ಹುಡುಗಿಯಲ್ಲಿ ಉಳಿದದ್ದು ಕೊನೆಯ ದೀರ್ಘವೊಂದೇ. ನಾಯಕ ಅಷ್ಟು ಪುಟಗಳಲ್ಲೂ ಒಂದು ದೀರ್ಘವನ್ನು ಪ್ರೀತಿಸಿ, ದೀರ್ಘಕ್ಕೆ ಕಾಗದ ಬರೆದು, ದೀರ್ಘವನ್ನು ನೆನೆದು ಕಣ್ಣೀರಿಟ್ಟಿದ್ದ. ದೊಡ್ಡಪ್ಪನಿಗೂ ಚಿಕ್ಕಪ್ಪನಿಗೂ ಹದಿನೆಂಟು ವರ್ಷದಿಂದ ನಡೆಯುತ್ತಿದ್ದ ತೋಟದ ವ್ಯಾಜ್ಯ, ಒಬ್ಬ ‘ಪ್ಪ’ನಿಗೂ ಇನ್ನೊಬ್ಬ ‘ಪ್ಪ’ನಿಗೂ ಆಗಿ, ಯಾವ ಕೋರ್ಟೂ ಬಗೆಹರಿಸಲಾಗದ ಸ್ಥಿತಿ ತಲುಪಿತ್ತು. ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿ ಚಿಕ್ಕಬಳ್ಳಾಪುರದಲ್ಲಿ ಇಳಿಯಬೇಕಾದ ನಾಯಕ ಬಳ್ಳಾಪುರದಲ್ಲಿ ಹತ್ತಿ, ಕಿಟಕಿಯಾಚೆ ನೋಡುತ್ತ ಬದುಕಿನ ಬಗ್ಗೆ ಎರಡು ಪುಟ ಚಿಂತಿಸಿ, ಬಳ್ಳಾಪುರದಲ್ಲೇ ಇಳಿದಿದ್ದ. ಚಿಕ್ಕಬಳ್ಳಾಪುರವೆಂದರೆ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಊರು. ಅದರ ಅರ್ಧ ಹೆಸರನ್ನು ನಾನು ಒಂದು ಗುಂಡಿಯಲ್ಲಿ ನುಂಗಿದ್ದೆ. ಚಿಕ್ಕಮಗಳೂರು ಮಗಳೂರಾಗಿತ್ತು. ಮೇಷ್ಟ್ರು ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಫೋನ್ ಮಾಡಿ, “ನವ್ಯ ಮುಗೀತು ಅಂದ್ಕೊಂಡಿದ್ದೆ” ಎಂದಷ್ಟೇ ಅಂದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ, ಮಾನ ಮುಚ್ಚಿಕೊಂಡು ಇರುತ್ತಿದ್ದೆ.

ಮೇಷ್ಟ್ರು ಹಿಂದೆಂದೋ ಹೊರಗೆ ನುಡಿಯಲ್ಲಿ ಟೈಪ್ ಮಾಡಿಸಿದ್ದ ತಮ್ಮ ಆತ್ಮಕಥೆಯನ್ನು, ಯೂನಿಕೋಡಿಗೆ ಬದಲಿಸಿ ನೇರವಾಗಿ ಪ್ರಕಾಶಕರಿಗೆ ಕಳಿಸು ಎಂದು ಪೆನ್‌ಡ್ರೈವಿನಲ್ಲಿ ಕೊಟ್ಟಿದ್ದರು. ಬದಲಿಸಿದ್ದೆ, ಕಳಿಸಿಯೂ ಇದ್ದೆ. ಆದರೆ ಬದಲಿಸಿದ್ದು ನನ್ನ ವಿಶೇಷಣಗಳನ್ನು ಕಿತ್ತ ಅದೇ ರಾತ್ರಿ. ಪರದೆಯ ಮೇಲೆ ಅವರ ಫೈಲಿನ ಹೆಸರು ‘ಕೊನೆಯ ಕರಡು’, ನನ್ನದು ‘ನಿಜವಾಗಿ ಕೊನೆಯ ಕರಡು’. ಗುಂಡಿ ಎಲ್ಲಿ ಎಷ್ಟು ಸಲ ಒತ್ತಿದೆನೋ ದೇವರಿಗೇ ಗೊತ್ತು. ನನಗೂ ಗೊತ್ತಾಯಿತು, ಪ್ರಕಾಶಕರು ಫೋನ್ ಮಾಡಿ, “ಮೇಷ್ಟ್ರನ್ನ ಸಾಕಿ ಓದಿಸಿದ ಈ ‘ಪ್ಪ’ ಯಾರು ಸಾರ್? ಫೋಟೊ ಹಾಕೋದಕ್ಕೆ ಪೂರ್ತಿ ಹೆಸರು ಬೇಕಿತ್ತು” ಎಂದಾಗ. ಆತ್ಮಕಥೆ ಶುರುವಾಗುತ್ತಿದ್ದದ್ದು ‘ಚಿಕ್ಕಂದಿನಲ್ಲಿ’ ಎಂದು. ಈಗ ಅದರ ತಲೆಯಲ್ಲಿ ಒಂದು ಸೊನ್ನೆ ಮಾತ್ರ ನಿಂತಿತ್ತು.

ಪೆನ್‌ಡ್ರೈವಿನಲ್ಲಿ ಮೂಲ ಇರುತ್ತದಲ್ಲ ಎಂದು ನೀವು ಕೇಳುತ್ತೀರಿ. ಅದನ್ನು ಜಾಗ ಸಾಲದೆಂದು ಖಾಲಿ ಮಾಡಿ ನನ್ನ ಕಾದಂಬರಿ ತುಂಬಿಕೊಂಡಿದ್ದೆ.

ಮೇಷ್ಟ್ರ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಎದ್ದು ಒಳಗೆ ಹೋಗಿ, ಕೈಬರಹದ ಮೂವತ್ತೆಂಟು ನೋಟ್‌ಬುಕ್ಕುಗಳನ್ನು ತಂದು ನನ್ನ ಮುಂದಿಟ್ಟರು. “ಸೊನ್ನೆಯಿಂದ ಶುರು ಮಾಡು” ಅಂದರು. ಅವರ ಮನೆಯಾಕೆ ಆ ನನ್ನ ಅಕ್ಕಿ ಚೀಲವನ್ನು ಜೋಪಾನವಾಗಿ ಮಡಿಸಿಟ್ಟಿದ್ದರು. ನೋಟ್‌ಬುಕ್ಕುಗಳನ್ನು ಅದರಲ್ಲೇ ತುಂಬಿಕೊಟ್ಟರು.

ಈಗ ಹನ್ನೊಂದನೆಯ ನೋಟ್‌ಬುಕ್ಕಿನಲ್ಲಿದ್ದೇನೆ. ದೊಡ್ಡಪ್ಪ ಬಂದಾಗಲೆಲ್ಲ ಎರಡು ಸಲ ಓದಿ ಟೈಪ್ ಮಾಡುತ್ತೇನೆ. ನಿನ್ನೆ ಒಂದು ಪುಟದ ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಅವರೇ ತಮಗೆ ಬರೆದುಕೊಂಡ ಟಿಪ್ಪಣಿ ಕಂಡಿತು: “ಇಲ್ಲಿ ವಿಶೇಷಣ ಜಾಸ್ತಿ ಆಯಿತು.” ಈ ಸಲ ಎಡವಬಾರದು ಎಂದು ತಕ್ಷಣ ಫೋನ್ ಮಾಡಿದೆ.

“ಸಾರ್, ಇದನ್ನೂ ಟೈಪ್ ಮಾಡಬೇಕಾ?”

ಆ ಕಡೆಯಿಂದ ಬಹಳ ಹೊತ್ತು ಉಸಿರು ಮಾತ್ರ ಕೇಳಿಸಿತು.